ಏರ್ ರೈಫಲ್‌ಗೆ ಪೆಲೆಟ್ ಆರಿಸುವುದು ಹೇಗೆ?

ಮಗಳಿಗೆಂದು ಏರ್ ರೈಫಲ್ ತಂದ ದಿನ ಚಿತ್ರದುರ್ಗದಿಂದ ನಮ್ಮ ಸೋದರಮಾವ ಬಂದಿದ್ದರು. ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡಿ, 'ಇದ್ರಾಗ ಹಂದಿ ಬೀಳ್ತೈತೇನಪ್ಪ?' ಎಂದರು. ಮಾವ ಬೇಟೆ ಆಡಿದವರಲ್ಲ. ಆಡಿದವರ ಕಥೆ ಕೇಳುತ್ತಾ ಬೆಳೆದವರು. ಗುಂಡು ಅಂದ ತಕ್ಷಣ ಅವರಿಗೆ ನೆನಪಾಗೋದು ಹೊಡೆತದ ಜೋರು.

ದೊಡ್ಡ ಬೇಟೆಯ ಲೆಕ್ಕ ಇರುವುದೇ ಹಾಗೆ. ಆಫ್ರಿಕಾದ ಹಲವು ದೇಶಗಳಲ್ಲಿ ಕಾಡೆಮ್ಮೆಯ ಬೇಟೆಗೆ .375 ಕ್ಯಾಲಿಬರ್‌ಗಿಂತ (ಕ್ಯಾಲಿಬರ್ ಅಂದರೆ ನಳಿಕೆಯ ಅಳತೆ, ಇಂಚಿನಲ್ಲಿ) ಸಣ್ಣ ರೈಫಲ್ ಒಯ್ಯುವಂತಿಲ್ಲ. ದಪ್ಪ ಚರ್ಮ, ಮೂಳೆ ದಾಟಿ ಗುಂಡು ಒಳಗೆ ಹೋಗಬೇಕಲ್ಲ. ಅಮೆರಿಕದಲ್ಲಿ 1906ರಲ್ಲಿ ಬಂದ, ಇಂದಿಗೂ ಜಿಂಕೆ ಬೇಟೆಗೆ ಬಳಸುವ ಥರ್ಟಿ-ಆಟ್-ಸಿಕ್ಸ್ ತೋಟಾದ ಶಕ್ತಿ ಮೂರೂವರೆ ಸಾವಿರ ಜೂಲ್‌ಗೂ ಜಾಸ್ತಿ. ಮಗಳ ರೈಫಲ್‌ನದು? ಸುಮಾರು ಏಳೂವರೆ ಜೂಲ್. ಅದು ತೂತು ಮಾಡಬೇಕಾಗಿರುವುದು ಒಂದು ಕಾಗದವನ್ನು. ಹಾಗಾಗಿ ಪೆಲೆಟ್, ಅಂದರೆ ಏರ್ ರೈಫಲ್‌ಗೆ ಹಾಕುವ ಪುಟ್ಟ ಸೀಸದ ಗುಂಡು, ಆರಿಸುವಾಗ ಜೋರಿನ ಮಾತೇ ಬರುವುದಿಲ್ಲ. ಪ್ರತಿ ಸಲವೂ ಅದೇ ಜಾಗಕ್ಕೆ ಹೋಗುತ್ತಾ? ಕೇಳಬೇಕಾದ್ದು ಇಷ್ಟೇ.

ಮಾವನಿಗೆ ಇನ್ನೊಂದು ಮಾತನ್ನೂ ಅವತ್ತೇ ಹೇಳಿಬಿಟ್ಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಏರ್‌ಗನ್‌ಗೇನೂ ರಿಯಾಯಿತಿ ಇಲ್ಲ. ಅದರಲ್ಲಿ ನವಿಲು, ಮೊಲ, ಕೌಜುಗ ಹೊಡೆದರೂ ಅಪರಾಧವೇ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ (ನಾಲ್ಕು ಕೊಂಬಿನ ಹುಲ್ಲೆ) ಒಂದು ಅಭಯಧಾಮ ಇದೆ. ಆ ಕಡೆ ಸುಮ್ನೆ ತಿರುಗಾಡೋಕೆ ಹೋಗುವಾಗಲೂ ಇದನ್ನು ಕಾರಿನಲ್ಲಿ ಹಾಕಿಕೊಂಡು ಹೋಗಬೇಡಿ.

ಮೊದಲು ಬಂದೂಕು ನೋಡಿ

10 ಮೀಟರ್ ದೂರದ ಗುರಿಗೆ ಹೊಡೆಯುವ ಸ್ಪರ್ಧೆಗೆ ಬಳಸುವುದು 4.5 ಮಿ.ಮೀ., ಅಂದರೆ .177 ಕ್ಯಾಲಿಬರ್. ಅಂಗಡಿಯಲ್ಲಿ 5.5 ಮಿ.ಮೀ. ಡಬ್ಬಿಯೂ ಪಕ್ಕದಲ್ಲೇ ಇರುತ್ತದೆ, ನೋಡಿ ತೆಗೆದುಕೊಳ್ಳಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆ .177ಕ್ಕಿಂತ ದೊಡ್ಡದಿದ್ದರೆ, ಅಥವಾ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು.

ಆಮೇಲೆ ಡಬ್ಬಿ ಓದಿ

ಡಬ್ಬಿಯ ಮೇಲೆ ಮೂರು ವಿಷಯ ನೋಡಬೇಕು: ಆಕಾರ, ತೂಕ, ತಲೆಯ ಅಳತೆ.

ಆಕಾರದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾಗದಕ್ಕೆ ಚಪ್ಪಟೆ ತಲೆಯದೇ ಸರಿ. ಅದು ಪಂಚಿಂಗ್ ಮಷೀನಿನ ಹಾಗೆ ದುಂಡಗೆ, ಅಂಚು ಹರಿಯದಂತೆ ತೂತು ಕೊರೆಯುತ್ತದೆ, ಅಂಕ ಎಣಿಸುವುದು ಸುಲಭ. ಚೂಪು ತಲೆಯದು ನೋಡೋಕೆ ಚೆನ್ನ, ಆದರೆ ಕಾಗದ ಹರಿಯುತ್ತದೆ. ಗುಮ್ಮಟದ ತಲೆಯದು ದೂರಕ್ಕೆ ಹೊಡೆಯುವವರಿಗೆ.

ತೂಕವನ್ನು ಗ್ರಾಂ ಇಲ್ಲವೇ ಗ್ರೇನ್‌ನಲ್ಲಿ ಬರೆದಿರುತ್ತಾರೆ. ಒಂದು ಗ್ರೇನ್ ಅಂದರೆ 0.065 ಗ್ರಾಂ. ರೈಫಲ್‌ಗೆ ಸಾಮಾನ್ಯವಾಗಿ 0.53 ಗ್ರಾಂ, ಪಿಸ್ತೂಲಿಗೆ 0.45 ಗ್ರಾಂ ಆಸುಪಾಸು. ನಿಮ್ಮದು ಸ್ಪ್ರಿಂಗ್ ಗನ್ (ಸ್ಪ್ರಿಂಗ್‌ನ ಬಲದಿಂದ ಗಾಳಿ ಒತ್ತಿ ಹೊಡೆಯುವಂಥದ್ದು) ಆಗಿದ್ದರೆ ತೀರಾ ಹಗುರವಾದದ್ದು ಬೇಡ. ತಡೆಯೇ ಸಿಗದೆ ಒಳಗಿನ ಪಿಸ್ಟನ್ ಜೋರಾಗಿ ಹೋಗಿ ಬಡಿಯುತ್ತದೆ. ಪೆಲೆಟ್ ಹಾಕದೆ ಖಾಲಿ ಹೊಡೆಯಬಾರದು ಅನ್ನುವುದೂ ಇದಕ್ಕೇ.

ತಲೆಯ ಅಳತೆಯನ್ನು ಹೊಸಬರು ನೋಡುವುದೇ ಇಲ್ಲ. ನಾನೂ ನೋಡಿರಲಿಲ್ಲ. 4.49, 4.50, 4.51 ಅಂತ ಸಣ್ಣ ಚೀಟಿ ಅಂಟಿಸಿರುತ್ತಾರೆ. ಮಿಲಿಮೀಟರಿನ ನೂರರಲ್ಲಿ ಒಂದು ಭಾಗದ ವ್ಯತ್ಯಾಸ, ಏನಾಗಿಬಿಡುತ್ತೆ ಅನ್ನಿಸಬಹುದು. ಬ್ಯಾರೆಲ್, ಅಂದರೆ ನಳಿಕೆಯ ಒಳಗೆ ಸುರುಳಿ ಸುತ್ತಿದ ಗೆರೆಗಳಿರುತ್ತವೆ. ಪೆಲೆಟ್ ಅವುಗಳಿಗೆ ಸರಿಯಾಗಿ ಕಚ್ಚಿಕೊಂಡರೆ ತಿರುಗುತ್ತಾ ನೇರ ಹೋಗುತ್ತದೆ. ಸಡಿಲವಾದರೆ ಒಂದೊಂದು ಸಲ ಒಂದೊಂದು ಥರ. ಬಿಗಿಯಾದರೆ ನಳಿಕೆಯಲ್ಲೇ ಆಕಾರ ಕೆಡುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಬ್ಯಾರೆಲ್‌ಗಳಿಗೂ ಬೇರೆ ಬೇರೆ ಅಳತೆ ಹಿಡಿಸಬಹುದು.

ಮೆಕ್ಕೆಜೋಳ ಹಾಕುವ ನಮ್ಮ ಕಡೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಪಕ್ಕದ ಹೊಲದಲ್ಲಿ ತೆನೆ ತುಂಬಿ ಬಂದ ಬೀಜ ನಮ್ಮ ಹೊಲದಲ್ಲಿ ಕೈಕೊಟ್ಟಿದ್ದು ಎಷ್ಟು ಸಲ ಇಲ್ಲ? 'ಇದೇ ಬೆಸ್ಟು' ಅಂತ ಒಬ್ಬರು ಹೇಳಿದ ದುಬಾರಿ ಡಬ್ಬಿ ತಂದು ನಾನು ಹೀಗೇ ಕೈಸುಟ್ಟುಕೊಂಡೆ. ಹೇಳಿದವರದ್ದು ಸುಳ್ಳಲ್ಲ, ಅವರ ರೈಫಲ್‌ಗೆ ಅದು ಬೆಸ್ಟೇ. ನಮ್ಮದರಲ್ಲಿ 5 ಗುಂಡು 11 ಮಿ.ಮೀ. ಹರಡಿದವು. ಅರ್ಧ ಬೆಲೆಯ ಇನ್ನೊಂದು ಡಬ್ಬಿ 6 ಮಿ.ಮೀ. ಒಳಗೆ ನಿಂತಿತು.

ಜರ್ಮನಿಯ ಆರ್‌ಡಬ್ಲ್ಯೂಎಸ್, ಎಚ್ ಅಂಡ್ ಎನ್, ಜೆಕ್ ದೇಶದ ಜೆಎಸ್‌ಬಿ ಪೆಲೆಟ್‌ಗಳು ಸ್ಪರ್ಧೆಗಳಲ್ಲಿ ಸಾಮಾನ್ಯ. ಒಂದು ಡಬ್ಬಿಗೆ ಸಾಮಾನ್ಯವಾಗಿ 500 ಪೆಲೆಟ್. ಶುರುವಿಗೇ ಹತ್ತು ಡಬ್ಬಿ ಕೊಳ್ಳಬೇಡಿ. ಮೂರು ನಾಲ್ಕು ಬಗೆಯದು ಒಂದೊಂದು ಸಾಕು. ಜೊತೆಗೆ ಕಲಿಯುವವರ ಹತ್ತಿರ ಇಪ್ಪತ್ತಿಪ್ಪತ್ತು ಬದಲಾಯಿಸಿಕೊಂಡರೆ ಇನ್ನೂ ಒಳ್ಳೆಯದು.

ಪರೀಕ್ಷೆ ಮಾಡುವುದು

ಮೊದಲ ಪರೀಕ್ಷೆಯನ್ನು ಚಿತ್ರದುರ್ಗದಲ್ಲಿ ಮಾವನ ಮನೆ ಟೆರೇಸ್ ಮೇಲೆ ಮಾಡಿದೆವು. ಅದೇ ತಪ್ಪಾಯಿತು. ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ತಿರುಗುವ ಊರದು. ಅರ್ಧ ಗ್ರಾಂ ಸೀಸ ಆ ಗಾಳಿಗೆ ಯಾವ ಲೆಕ್ಕ? ನಾವು ಪರೀಕ್ಷೆ ಮಾಡಿದ್ದು ಗಾಳಿಯನ್ನು, ಪೆಲೆಟ್ಟನ್ನಲ್ಲ. ಎರಡನೇ ಸಲ ದಾವಣಗೆರೆಯಲ್ಲಿ ಪರಿಚಯದವರ ಖಾಲಿ ಗೋದಾಮು ಸಿಕ್ಕಿತು. 10 ಮೀಟರ್ ಅಂದರೆ ಹೆಚ್ಚುಕಡಿಮೆ 33 ಅಡಿ. ಬಾಗಿಲು ಹಾಕಿಕೊಳ್ಳಿ, ಗುರಿಯ ಕಡೆ ಯಾರೂ ಬರುವ ದಾರಿ ಇರಬಾರದು. ಕಲ್ಲಿನ ಗೋಡೆಗೆ ಹೊಡೆಯಲೇಬೇಡಿ, ಪೆಲೆಟ್ ವಾಪಸ್ ಚಿಮ್ಮುತ್ತದೆ. ಗುರಿಯ ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಟ್ರ್ಯಾಪ್ ಇಡಿ. ಕಣ್ಣಿಗೆ ಕನ್ನಡಕ ಇರಲಿ.

ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ರೈಫಲ್‌ನ ಮುಂಭಾಗವನ್ನು ಅದರ ಮೇಲೆ ಊರಿ ಕೂತು ಹೊಡೆಯಿರಿ. ಇಲ್ಲದಿದ್ದರೆ ಕೈ ನಡುಗಿದ್ದೋ ಪೆಲೆಟ್ ಕೆಟ್ಟದ್ದೋ ಗೊತ್ತಾಗಲ್ಲ. ಸ್ಪ್ರಿಂಗ್ ಗನ್ ಆದರೆ ನೇರ ಚೀಲದ ಮೇಲೆ ಇಡಬೇಡಿ. ಅದು ಒದೆಯುತ್ತದೆ, ಗಟ್ಟಿ ಜಾಗದಲ್ಲಿಟ್ಟರೆ ಎಗರುತ್ತದೆ. ಅಂಗೈಯನ್ನು ಚೀಲದ ಮೇಲಿಟ್ಟು, ಅದರ ಮೇಲೆ ಬಂದೂಕು ಹಗುರವಾಗಿ ಕೂರಲಿ.

ಡಬ್ಬಿ ಬದಲಾಯಿಸಿದಾಗ ಮೊದಲ 5-10 ಗುಂಡು ಲೆಕ್ಕಕ್ಕಿಲ್ಲ. ಹಿಂದಿನ ಪೆಲೆಟ್‌ನ ಸೀಸ ಬ್ಯಾರೆಲ್‌ಗೆ ಮೆತ್ತಿರುತ್ತದೆ. ಆಮೇಲೆ ಹೊಸ ಕಾಗದ ಹಾಕಿ 5 ಗುಂಡು ಹೊಡೆಯಿರಿ. ಕಾಗದದ ಮೂಲೆಯಲ್ಲಿ ಡಬ್ಬಿಯ ಹೆಸರು, ತಲೆಯ ಅಳತೆ ಬರೆದಿಡಿ. ಹೀಗೆ ಎಲ್ಲ ಡಬ್ಬಿ ಮುಗಿದ ಮೇಲೆ, ಇನ್ನೊಂದು ಸುತ್ತನ್ನು ಕೊನೆಯ ಡಬ್ಬಿಯಿಂದ ಶುರು ಮಾಡಿ. ಕೊನೆಕೊನೆಗೆ ಕಣ್ಣು ಸೋತಿರುತ್ತದೆ, ಯಾವಾಗಲೂ ಒಂದೇ ಡಬ್ಬಿಗೆ ಅದರ ಪೆಟ್ಟು ಬೀಳಬಾರದಲ್ಲ.

ಐದೂ ತೂತು ಚುಕ್ಕಿಯಿಂದ ಎಡಕ್ಕೆ ಬಿದ್ದವು ಅಂತ ಮಧ್ಯದಲ್ಲಿ ಗುರಿ ನೋಡುವ ಸೈಟ್ ತಿರುಗಿಸಲು ಹೋಗಬೇಡಿ. ಎಲ್ಲಿ ಬಿದ್ದವು ಅನ್ನುವುದು ಈಗ ಮುಖ್ಯ ಅಲ್ಲ. ಎಷ್ಟು ಒತ್ತೊತ್ತಾಗಿ ಬಿದ್ದವು ಅಷ್ಟೇ ನೋಡಿ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಲ್ಲಿ 4.5 ಕಳೆಯಿರಿ. ಉಳಿದದ್ದೇ ನಿಮ್ಮ ಗ್ರೂಪ್.

ಎಷ್ಟಿದ್ದರೆ ಚೆನ್ನ? ಗುರಿಯ ನಡುವಿನ ಹತ್ತರ ಚುಕ್ಕಿ ಬರೀ ಅರ್ಧ ಮಿ.ಮೀ. ಪೆಲೆಟ್‌ನ ಅಂಚು ತಗುಲಿದರೂ ಹತ್ತು ಸಿಗುತ್ತದೆ. ಅಂದರೆ ಪೆಲೆಟ್‌ನ ಮಧ್ಯಭಾಗ ಚುಕ್ಕಿಯ ಮಧ್ಯದಿಂದ ಎರಡೂವರೆ ಮಿ.ಮೀ. ಒಳಗಿರಬೇಕು. ಬಂದೂಕನ್ನು ಊರಿ ಹೊಡೆದಾಗಲೇ ಗ್ರೂಪ್ 5 ಮಿ.ಮೀ. ದಾಟಿದರೆ, ನಿಂತು ಹೊಡೆಯುವ ಮಗುವಿನ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ದೊಡ್ಡ ಸ್ಪರ್ಧೆಗಳಲ್ಲಿ ದಶಮಾಂಶದ ಲೆಕ್ಕ. ಒಂದು ಗುಂಡಿಗೆ ಹೆಚ್ಚೆಂದರೆ 10.9, ಅರವತ್ತಕ್ಕೆ 654. ಅಲ್ಲಿ ಒಂದೊಂದು ಮಿ.ಮೀ.ಗೂ ಬೆಲೆ ಇದೆ. ಕಲಿಯುವವರ ಸ್ಪ್ರಿಂಗ್ ಗನ್‌ಗೆ ಅಷ್ಟು ಕಟ್ಟುನಿಟ್ಟು ಬೇಡ. ಇದ್ದುದರಲ್ಲಿ ಚಿಕ್ಕ ಗ್ರೂಪ್ ಯಾವುದೋ ಅದನ್ನೇ ತೆಗೆದುಕೊಳ್ಳಿ. ನಮ್ಮ ಮನೆಯಲ್ಲೂ ಸದ್ಯಕ್ಕೆ ಆ 6 ಮಿ.ಮೀ. ಡಬ್ಬಿಯೇ ನಡೆಯುತ್ತಿದೆ.

ಸಿಕ್ಕಿದ ಮೇಲೆ

ಹೊಂದುವ ಪೆಲೆಟ್ ಸಿಕ್ಕಿದ ದಿನವೇ ಡಬ್ಬಿಯ ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾದದ್ದು ಅನ್ನುವ ಗುರುತು) ಬರೆದಿಟ್ಟುಕೊಳ್ಳಿ. ಅದೇ ಲಾಟ್‌ನ ಇನ್ನೂ ನಾಲ್ಕೈದು ಡಬ್ಬಿ ಸಿಕ್ಕರೆ ಆಗ ಕೊಳ್ಳಿ. ಲಾಟ್ ಬದಲಾದರೆ ಇನ್ನೊಮ್ಮೆ ಕಾಗದ ಹಾಕಿ ನೋಡುವುದು ತಪ್ಪಲ್ಲ.

ಪೆಲೆಟ್‌ನ ಹಿಂಭಾಗ ಪೊಳ್ಳು, ಲಂಗದ ಹಾಗೆ ಅಗಲ. ಹೆಸರೂ ಸ್ಕರ್ಟ್ ಅಂತಲೇ. ಅದು ಸೊಟ್ಟಗಾದರೆ ಗಾಳಿ ಒಂದು ಕಡೆಯಿಂದ ಸೋರುತ್ತದೆ, ಗುಂಡು ದಾರಿ ತಪ್ಪುತ್ತದೆ. ಕೆಳಗೆ ಬಿದ್ದದ್ದನ್ನು ಮತ್ತೆ ಹಾಕಬೇಡಿ. ಅಗ್ಗದ ಡಬ್ಬಿಗಳಲ್ಲಿ ಸೊಟ್ಟಗಿನವು ಮೊದಲೇ ಇರುತ್ತವೆ. ಆ ಕೆಲಸ ಈಗ ಮಾವನದು. ಊರಿಂದ ಬಂದಾಗಲೆಲ್ಲ ಹಳೇ ಸ್ಟೀಲ್ ತಟ್ಟೆಯಲ್ಲಿ ಪೆಲೆಟ್ ಹರಡಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕೂತುಬಿಡುತ್ತಾರೆ. ಹಂದಿಯ ಮಾತು ನಿಂತಿದೆ. ಆ ತಟ್ಟೆಯನ್ನು ಮತ್ತೆ ಅಡುಗೆಮನೆಗೆ ಒಯ್ಯುವಂತಿಲ್ಲ.

ಯಾಕೆಂದರೆ ಇದು ಸೀಸ, ವಿಷ. ಹೊಡೆಯುವಾಗ ಸುಲಭವಾಗಲಿ ಅಂತ ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಕೆಲವರಿಗಿದೆ, ಖಂಡಿತ ಬೇಡ. ಅಭ್ಯಾಸ ಮುಗಿದ ತಕ್ಷಣ ಮಂಡಕ್ಕಿ ಪೊಟ್ಟಣಕ್ಕೆ ಕೈ ಹಾಕುವುದು ದಾವಣಗೆರೆಯ ಮಕ್ಕಳಿಗೆ ಸಹಜ. ಅದಕ್ಕೂ ಮೊದಲು ಸೋಪು ಹಾಕಿ ಕೈ ತೊಳೆಸಿ. ಟ್ರ್ಯಾಪಿನಲ್ಲಿ ಸೇರಿದ ಸೀಸದ ಚೂರುಗಳನ್ನು ಬರಿಗೈಯಲ್ಲಿ ಬಾಚಬೇಡಿ, ಮನೆಯಲ್ಲಿ ಕರಗಿಸಲೂ ಬೇಡಿ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು, ಸೀಸ ಕೊಳ್ಳುವ ಗುಜರಿಯವರಿಗೆ ಕೊಡಿ.