ಟಿಕ್ ಹಾಕಿದ್ದರೆ ಅದು ತಪ್ಪು! ಜಪಾನಿನ ಒಂದನೇ ಕ್ಲಾಸಿನ ಅಪ್ಪ-ಅಮ್ಮಂದಿರಿಗೆ

ಮಗಳು ಮೊದಲ ಸಲ ಲೆಕ್ಕದ ಹಾಳೆ ತಂದು ತೋರಿಸಿದಾಗ ಹತ್ತರಲ್ಲಿ ಮೂರಕ್ಕೆ ಮಾತ್ರ ಕೆಂಪು ಟಿಕ್ ಇತ್ತು, ಉಳಿದ ಏಳಕ್ಕೂ ಸೊನ್ನೆ. ಸುಮ್ನೆ ಬೈದುಬಿಟ್ಟೆ. ಪಾಪ, ಅವಳು ಏಳು ಸರಿ ಮಾಡಿದ್ದಳು. ಇಲ್ಲಿ ಸರಿ ಉತ್ತರಕ್ಕೆ ಸುತ್ತು ಹಾಕುತ್ತಾರೆ, ತಪ್ಪಿಗೆ ಟಿಕ್. ಸುತ್ತಿನ ಅಂಚಿಗೆ ಹೂವಿನ ದಳ ಬಿಡಿಸಿದ್ದರೆ ಅದು ‘ಹನಮಾರು’, ಅಂದರೆ ಭೇಷ್ ಅಂತ.

ಏಪ್ರಿಲ್‌ನಲ್ಲಿ ಮಗುವನ್ನು ಸರ್ಕಾರಿ ಶಾಲೆಗೆ ಹಾಕುವವರು ಓದಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಫೀಸಿಲ್ಲ, ಪಠ್ಯಪುಸ್ತಕವೂ ಉಚಿತ.

ಶಾಲೆಯೊಳಗಿನ ದಿನದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಅದು ಅದರ ಪಾಡಿಗೆ ನಡೆಯುತ್ತದೆ. ಬಾಗಿಲಲ್ಲೇ ಬೂಟು ಬಿಚ್ಚಿ ಒಳಗಿನ ಶೂ ಹಾಕಿಕೊಳ್ಳಬೇಕು. ಒಂದೊಂದು ಪಿರಿಯಡ್ 45 ನಿಮಿಷ, ಸಾಮಾನ್ಯವಾಗಿ ಊಟಕ್ಕೆ ಮುಂಚೆ ನಾಲ್ಕು. ಊಟವನ್ನು ಮಕ್ಕಳೇ ಬಿಳಿ ಕೋಟು, ಟೋಪಿ ಹಾಕಿಕೊಂಡು ಬಡಿಸುತ್ತಾರೆ, ಆಮೇಲೆ ಕ್ಲಾಸನ್ನೂ ಅವರೇ ಗುಡಿಸಿ ಒರೆಸುತ್ತಾರೆ. ಸಸ್ಯಾಹಾರಿಗಳು ಮಾತ್ರ ಒಂದು ವಿಷಯ ಗಮನಿಸಿ: ನೋಡೋಕೆ ಬರೀ ತರಕಾರಿ ಸೂಪ್ ಅನಿಸಿದರೂ ಅದರ ನೀರು ಮೀನಿನದ್ದಾಗಿರುವುದೇ ಹೆಚ್ಚು. ಮನೆಯಿಂದ ಡಬ್ಬಿ ಕಳಿಸಬಹುದಾ ಅಂತ ಸೇರಿಸುವಾಗಲೇ ಕೇಳಿಬಿಡಿ.

ನಿಜವಾದ ಕೆಲಸ ಸಂಜೆಗೆ, ಅದೂ ನಿಮ್ಮದು.

ಬ್ಯಾಗಿನಿಂದ ಮೊದಲು ‘ರೆಂರಾಕುಚೋ’ ತೆಗೆಯಿರಿ. ನಾಳೆಯ ಟೈಮ್‌ಟೇಬಲ್, ಹೋಮ್‌ವರ್ಕ್ ಎಲ್ಲ ಮಗು ತನ್ನ ಕೈಯಲ್ಲೇ ಬರೆದುಕೊಂಡು ಬರುವ ಪುಸ್ತಕ ಅದು. ಒಂದು ಸುತ್ತಿನೊಳಗೆ ‘ಶಿ’ ಅಕ್ಷರ ಇದ್ದರೆ ಹೋಮ್‌ವರ್ಕ್, ‘ಮೊ’ ಇದ್ದರೆ ತರಬೇಕಾದ ಸಾಮಾನು. ಈ ಗುಟ್ಟು ನನಗೆ ಗೊತ್ತಾಗೋಕೆ ಎರಡು ವಾರ ಬೇಕಾಯಿತು, ಅಷ್ಟರಲ್ಲಿ ಮಗಳು ನೆಲ ಒರೆಸುವ ಬಟ್ಟೆ ಇಲ್ಲದೆ ಎರಡು ಸಲ ಹೋಗಿದ್ದಳು.

ಆಮೇಲೆ ‘ಒಂದೊಕು’, ಅಂದರೆ ಗಟ್ಟಿಯಾಗಿ ಓದುವುದು. ಮಗು ಪಾಠ ಓದುತ್ತದೆ, ನೀವು ಕೂತು ಕೇಳಿ ಕಾರ್ಡಿನಲ್ಲಿ ದನಿ ಹೇಗಿತ್ತು, ತಡವರಿಸದೆ ಓದಿತಾ ಅಂತ ಗುರುತು ಹಾಕಿ ಸಹಿ ಮಾಡಬೇಕು. ಅದೇ ಪಾಠ, ವಾರವಿಡೀ. ಅಡುಗೆ ಮಾಡುತ್ತಾ ಕೇಳಿದರೂ ನಡೆಯುತ್ತದೆ, ನಾನು ಮಾಡುವುದು ಅದನ್ನೇ. ನಿಮಗೆ ಜಪಾನಿ ಬಾರದಿದ್ದರೆ ಇದಕ್ಕಿಂತ ಒಳ್ಳೆ ಟ್ಯೂಷನ್ ಬೇರೆ ಸಿಗಲ್ಲ.

‘ಕಾಂಜಿ’, ಅಂದರೆ ಜಪಾನಿಯಲ್ಲಿ ಬಳಸುವ ಚೀನೀ ಮೂಲದ ಅಕ್ಷರಗಳ ವಿಷಯಕ್ಕೆ ಬಂದರೆ ಸ್ವಲ್ಪ ಗಟ್ಟಿ ಮನಸ್ಸು ಬೇಕು. ಒಂದನೇ ಕ್ಲಾಸಿಗೆ 80, ಆರು ವರ್ಷಕ್ಕೆ ಒಟ್ಟು 1,026. ಅಕ್ಷರ ಹೋಲುತ್ತದೆ ಅಂತ ಬಿಡುವುದಿಲ್ಲ. ಗೆರೆ ಎಲ್ಲಿ ನಿಲ್ಲಬೇಕು, ಎಲ್ಲಿ ಕೊಕ್ಕೆಯ ಹಾಗೆ ಮೇಲಕ್ಕೆ ಚಿಮ್ಮಬೇಕು, ಎಲ್ಲಿ ತೆಳ್ಳಗೆ ಎಳೆದು ಬಿಡಬೇಕು ಅನ್ನುವುದೆಲ್ಲ ನೋಡುತ್ತಾರೆ, ಆ ಕೊಕ್ಕೆ ಒಂದು ಮರೆತರೂ ಬೀಳುತ್ತದೆ ಟಿಕ್. ನನಗಿದು ಅತಿಯಾಯಿತು ಅಂತ ಈಗಲೂ ಅನಿಸುತ್ತದೆ, ಆದರೆ ಟೀಚರ್ ಜೊತೆ ವಾದಕ್ಕಿಳಿದು ಏನೂ ಗಿಟ್ಟಲಿಲ್ಲ. ಪೆನ್ಸಿಲ್ 2ಬಿ ಕೊಡಿಸಿ, ಕ್ಲಿಕ್ ಪೆನ್ಸಿಲ್ ಬೇಡ, ಹೆಚ್ಚಿನ ಕಡೆ ಒಪ್ಪುವುದಿಲ್ಲ.

ಎರಡನೇ ಕ್ಲಾಸಿನಲ್ಲಿ ಬರುವುದು ‘ಕುಕು’, ಅವರ ಮಗ್ಗಿ. ಒಂಬತ್ತೊಂಬತ್ಲಿಗೆ ನಿಲ್ಲುತ್ತದೆ, ಇಷ್ಟೇನಾ ಅಂತ ನಗಬೇಡಿ. ಮೇಲಿಂದ, ಕೆಳಗಿಂದ, ಅಡ್ಡಾದಿಡ್ಡಿ, ಮೂರೂ ಥರ ತಡವರಿಸದೆ ಒಪ್ಪಿಸಬೇಕು. ಏಳರ ಮಗ್ಗಿಯಲ್ಲಿ ಎಲ್ಲರೂ ಎಡವುತ್ತಾರೆ, ಏಳಕ್ಕೆ ‘ಶಿಚಿ’, ನಾಲ್ಕಕ್ಕೆ ‘ಶಿ’, ಎಂಟಕ್ಕೆ ‘ಹಚಿ’ ಅಂದರೆ ನಾಲಿಗೆ ತೊಡರಿಕೊಳ್ಳದೆ ಇರುತ್ತಾ? ನಾನು ಅದೇ ಹೊತ್ತಿಗೆ ಕನ್ನಡದ ಮಗ್ಗಿಯನ್ನೂ ಬಾಯಿಪಾಠ ಮಾಡಿಸಲು ಹೋಗಿ ಎರಡೂ ಕಲಸುಮೇಲೋಗರ ಆಯಿತು. ಮೊದಲು ಕುಕು ಒಪ್ಪಿಸಿ ಮುಗಿಸಲಿ, ಕನ್ನಡದ್ದನ್ನು ರಜೆಯಲ್ಲಿ ಶುರು ಮಾಡಿ.