ಕ್ಲಸ್ಟರ್ ಸಭೆಗೆ ಮಕ್ಕಳ ನೋಟ್‌ಬುಕ್ ತನ್ನಿ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ ನಾನು ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪಿಗೆ (ಕ್ಲಸ್ಟರ್‌ಗೆ) ಸಂಪನ್ಮೂಲ ವ್ಯಕ್ತಿ. ಶಿಕ್ಷಕರು ಹೊಸದೇನಾದರೂ ಮಾಡಲಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಕಲಿಯುವುದಕ್ಕೆ ಜಾಗ ಎಲ್ಲಿದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಇರಬೇಕು ಎನ್ನುತ್ತದೆ. ಆ ಗಂಟೆಗಳೆಲ್ಲ ಭಾಷಣ ಕೇಳುವುದರಲ್ಲೇ ಕಳೆದರೆ ತರಗತಿ ಇದ್ದ ಹಾಗೇ ಇರುತ್ತದೆ. ಈ ಶಾಲೆಗಳ ಶಿಕ್ಷಕರೆಲ್ಲ ಸೇರುವ ಕ್ಲಸ್ಟರ್ ಸಭೆಯನ್ನೇ ಆ ಜಾಗ ಮಾಡಿಕೊಳ್ಳಬಹುದು.

ಸಭೆಗೆ ಮೊದಲು ಒಂದೇ ಮಾತು ತಿಳಿಸಿ: ನಾಲ್ಕೈದು ಮಕ್ಕಳ ನೋಟ್‌ಬುಕ್ ತನ್ನಿ. ಚೆನ್ನಾಗಿ ಬರೆದವರದ್ದಲ್ಲ, ಎಡವಿದವರದ್ದು. ಮಗುವಿನ ಹೆಸರು ಕಾಣದ ಹಾಗೆ ಮುಚ್ಚಿ. ಸಭೆ ಶುರುವಾದ ಮೇಲೆ ಮೊದಲ ಅರ್ಧ ಗಂಟೆ ಯಾರೂ ಸಲಹೆ ಕೊಡಬಾರದು. ಈ ಮಗು ಏನು ಯೋಚಿಸಿ ಹೀಗೆ ಬರೆದಿದೆ? ಅಷ್ಟನ್ನೇ ಮಾತಾಡಿ. ಇದು ಕಷ್ಟ. ನಮಗೆಲ್ಲ ಪರಿಹಾರ ಹೇಳುವ ಅವಸರ ಜಾಸ್ತಿ.

ಐದನೇ ತರಗತಿಯ ಭಿನ್ನರಾಶಿಯನ್ನೇ ನೋಡಿ. ಕಾಲು ದೊಡ್ಡದೋ, ಎಂಟನೇ ಒಂದು ಭಾಗ ದೊಡ್ಡದೋ ಅಂತ ಕೇಳಿದರೆ ತುಂಬಾ ಮಕ್ಕಳು ಎಂಟನೇ ಒಂದು ಎನ್ನುತ್ತಾರೆ. "ನಾಕಕ್ಕಿಂತ ಎಂಟು ದೊಡ್ಡದಲ್ರೀ ಸರ್!" ಮಗುವಿಗೆ ಅದರದ್ದೇ ಒಂದು ಲೆಕ್ಕ ಇದೆ. ಅದು ಗೊತ್ತಾದ ಮೇಲೆ ಏನು ಮಾಡಬೇಕೆಂದು ಶಿಕ್ಷಕರಿಗೇ ಹೊಳೆಯುತ್ತದೆ. ನಮ್ಮ ಸಭೆಯಲ್ಲಿ ಹಳೇ ಪೇಪರ್ ಪಟ್ಟಿ ಮಡಚಿಸೋಣ ಅಂತ ತೀರ್ಮಾನವಾಯಿತು. ಒಂದು ಪಟ್ಟಿ ಎರಡು ಸಲ ಮಡಚಿದರೆ ನಾಲ್ಕು ಭಾಗ, ಇನ್ನೊಂದು ಮೂರು ಸಲ ಮಡಚಿದರೆ ಎಂಟು.

ತರಗತಿಯಲ್ಲಿ ಒಂದು ಗುಂಪಿಗೆ ಮಾತ್ರ ಉಲ್ಟಾ ಬಂತು. ಎಂಟನೇ ಭಾಗವೇ ದೊಡ್ಡದಾಗಿತ್ತು. ಟೀಚರ್ ತಿದ್ದಲಿಲ್ಲ, ಸುಮ್ನೆ ಕಾದರು. ಒಬ್ಬ ಹುಡುಗಿ ಎರಡೂ ಪಟ್ಟಿ ಬಿಡಿಸಿ, ಒಂದರ ಮೇಲೊಂದು ಇಟ್ಟು ನೋಡಿ, "ಪಟ್ಟೀನ ಸಮ ಇಲ್ಲಲ್ರೀ" ಎಂದಳು. ಹೋಲಿಸಬೇಕಾದರೆ ಇಡೀ ವಸ್ತು ಒಂದೇ ಅಳತೆಯದ್ದಾಗಿರಬೇಕು ಅನ್ನುವ ಪಾಠ ಹಾಗೆ ಬಂತು. ಮುಂದಿನ ಸಲ ಬೇಕಂತಲೇ ಉದ್ದ-ಗಿಡ್ಡ ಪಟ್ಟಿ ಕೊಡಬೇಕೆಂದು ಆ ಟೀಚರ್ ಬರೆದುಕೊಂಡರು. ನಾನು ಹೊಸತನ ಎನ್ನುವುದು ಇದನ್ನೇ. ಪ್ರೊಜೆಕ್ಟರ್ ಇದ್ದರೆ ಒಳ್ಳೆಯದೇ, ಆದರೆ ಅದರಿಂದ ಶುರು ಮಾಡಬೇಡಿ.

ಒಬ್ಬರು ಪಾಠ ಮಾಡುವಾಗ ಉಳಿದವರು ಹೋಗಿ ನೋಡುವುದು ಬಹಳ ಮುಖ್ಯ. ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೀಗೆ ಒಟ್ಟಿಗೆ ಪಾಠ ಯೋಜಿಸಿ, ಒಟ್ಟಿಗೆ ಕೂತು ನೋಡಿ ಕಲಿಯುತ್ತಿದ್ದಾರೆ. ನೋಡಲು ಹೋಗುವುದು ಹಿಂದಿನ ಬೆಂಚಿನಲ್ಲಿ ಕೂತು ಟೀಚರನ್ನು ಅಳೆಯುವುದಕ್ಕಲ್ಲ. ಒಬ್ಬೊಬ್ಬರು ಒಂದೊಂದು ಮಗುವಿನ ಪಕ್ಕ ಕೂತು ಅದರ ಕೈ ಏನು ಮಾಡುತ್ತಿದೆ, ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಇಬ್ಬರೇ ಶಿಕ್ಷಕರಿರುವ ಶಾಲೆ ಬಿಟ್ಟು ಇದಕ್ಕೆಂದೇ ಇನ್ನೊಂದು ದಿನ ಬರುವುದು ಆಗದ ಮಾತು, ಅಲ್ವಾ? ಅದಕ್ಕೇ ಸಭೆಯನ್ನು ಪ್ರತಿ ಸಲ ಬೇರೆ ಶಾಲೆಯಲ್ಲಿ, ಮಕ್ಕಳು ಇರುವ ಹೊತ್ತಿನಲ್ಲೇ ಇಟ್ಟುಕೊಳ್ಳಿ. ಮೊದಲು ಪಾಠ, ಆಮೇಲೆ ಚಹಾ, ಆಮೇಲೆ ಚರ್ಚೆ.

ಶಿಕ್ಷಕರು ಹೀಗೆ ನೋಡಿ ಕಲಿತದ್ದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಸಂಸ್ಥೆಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಮಕ್ಕಳ ಕಲಿಕೆಯ ಕಾರ್ಡುಗಳನ್ನು ಮಾಡಿದರು. ಚಿಕ್ಕ ತರಗತಿಗಳ ಚಟುವಟಿಕೆ ಪದ್ಧತಿ ನಲಿ-ಕಲಿ ಹುಟ್ಟಿದ್ದು ಹಾಗೆ.

ಸಿಆರ್‌ಪಿ, ಹೆಡ್‌ಮಾಸ್ಟರ್ ಆಗಿರುವವರಿಗೆ ಒಂದು ಮಾತು. ಪ್ರಯೋಗದ ಪಾಠವನ್ನು ತಪಾಸಣೆಯ ಪಾಠ ಮಾಡಬೇಡಿ. ಅಂದು ಶಾಲೆಗೆ ಭೇಟಿ ಕೊಟ್ಟವರು ಬರೆಯುವ ಸಂದರ್ಶನ ಪುಸ್ತಕದಲ್ಲಿ ಕೊರತೆ ಬರೆದರೆ ಮುಂದೆ ಯಾರೂ ಹೊಸದಕ್ಕೆ ಕೈ ಹಾಕುವುದಿಲ್ಲ. ದಾಖಲೆಗೆ ಫೋಟೊ ಒಂದು ಸಾಕು.

ತಿಂಗಳಿಗೆ ಒಂದೇ ಬದಲಾವಣೆ ಸಾಕು. ಸುಗ್ಗಿ ಕಾಲದಲ್ಲಿ, ಮನೆಯವರ ಜೊತೆ ಮಕ್ಕಳು ಗುಳೆ ಹೋಗುವ ಕಾಲದಲ್ಲಿ ಹಾಜರಿ ಬೀಳುತ್ತದೆ. ಆಗ ಹೊಸ ಪ್ರಯೋಗ ಬೇಡ. ಮರಳಿ ಬಂದ ಮಗುವನ್ನು ಪಾಠಕ್ಕೆ ಸೇರಿಸಿಕೊಳ್ಳುವುದು ಹೇಗೆ ಎಂಬುದನ್ನೇ ಆ ತಿಂಗಳ ಪ್ರಶ್ನೆಯಾಗಿ ಇಟ್ಟುಕೊಳ್ಳಿ.

ಮುಂದಿನ ಸಭೆಯಲ್ಲಿ ಸುತ್ತೋಲೆ ಓದುವ ಮೊದಲೇ ಹೋದ ತಿಂಗಳ ಪ್ರಯೋಗ ಏನಾಯಿತು ಎಂದು ಕೇಳಿ. ಏನು ಮಾಡಿದೆವು, ಮಕ್ಕಳು ಏನು ಮಾಡಿದರು, ಮತ್ತೆ ಮಾಡಿದರೆ ಏನು ಬದಲಿಸುತ್ತೇವೆ. ಮೂರು ಸಾಲು ಬರೆಸಿ, ಆ ಪುಸ್ತಕ ಕ್ಲಸ್ಟರ್ ಕೇಂದ್ರದಲ್ಲೇ ಇರಲಿ. ವರ್ಗವಾಗಿ ಬರುವ ಶಿಕ್ಷಕರು ಮೊದಲು ಅದನ್ನು ಓದಲಿ.