ಸೈಕಲ್ ಬಂದರೆ ಬದಿಗೆ ಹಾರಬೇಡಿ

ಮಗಳ ಮನೆಗೆ ಅರಿಜೋನಾಕ್ಕೆ ಹೊರಟವರು ಮರಳುಗಾಡಿನ ಗುಡ್ಡ ಸುತ್ತುವುದು ಹೇಗೆ?

ಕೊಯ್ಲು ಮುಗಿದು ಅಡಿಕೆ ಒಣಗಿ ಮೂಟೆ ಕಟ್ಟಿತೆಂದರೆ ಶಿರಸಿ ಸುತ್ತಮುತ್ತ ಒಂದೊಂದೇ ಮನೆಗೆ ಬೀಗ ಬೀಳುತ್ತದೆ. ಅಪ್ಪ-ಅಮ್ಮ ಅಮೆರಿಕಕ್ಕೆ ಹೊರಟರು ಅಂತಲೇ ಅರ್ಥ. ಅಲ್ಲಿ ಹೋದ ಮೇಲೆ ಸೋಮವಾರದಿಂದ ಶುಕ್ರವಾರದವರೆಗೆ ಕಿಟಕಿ ನೋಡುತ್ತ ಕೂರುವುದು. ಶನಿವಾರ ಬಂದರೆ ಮಗಳು, "ಅಪ್ಪಾ, ಹೈಕಿಂಗ್ ಹೋಗೋಣ ಬಾ" ಅನ್ನುತ್ತಾಳೆ. ಗುಡ್ಡ ಹತ್ತುವುದು ನಮಗೇನು ಹೊಸದಾ? ಸೊಪ್ಪಿನ ಬೆಟ್ಟ ಏರಿ ಇಳಿದೇ ಬೆಳೆದವರು ನಾವು.

ನಾನೂ ಹಾಗೇ ಅಂದುಕೊಂಡು ಹೊರಟವನು. ಅರ್ಧ ಗಂಟೆಯಲ್ಲಿ ನನ್ನ ಎಡಗಾಲಿನ ಮೀನಖಂಡದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಮುಳ್ಳಿನ ಉಂಡೆ ನೇತಾಡುತ್ತಿತ್ತು. ಅದು ಹೇಗೆ ಬಂತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಈ ಸಲ ಹೊರಟಿರುವವರು ಕೆಲವು ವಿಷಯ ಇಲ್ಲೇ ಕಲಿತು ಹೋದರೆ ಒಳ್ಳೆಯದು.

ಎಂಥ ಜಾಗ, ಎಂಥ ದಾರಿ

ಮರಳುಗಾಡು ಅಂದ ಕೂಡಲೇ ಒಂಟೆ, ಮರಳಿನ ದಿಬ್ಬ ಕಣ್ಣಿಗೆ ಬರುತ್ತದೆ. ಅರಿಜೋನಾದ ಫೀನಿಕ್ಸ್ ನಗರದ ಸುತ್ತಲಿನ ಸೊನೋರನ್ ಮರುಭೂಮಿ ಹಾಗಿಲ್ಲ. ಅಲ್ಲಿರುವುದು ಕಲ್ಲುಗುಡ್ಡ, ಜಲ್ಲಿ, ಮುಳ್ಳುಕಳ್ಳಿ. ವರ್ಷಕ್ಕೆ ಬರುವ ಮಳೆ 200 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ಮೂರು ಪಟ್ಟು ಸುರಿದರೂ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಲೂಪ್ ಅಂದರೆ ಸುತ್ತುದಾರಿ. ಹೊರಟಲ್ಲಿಗೇ ಬಂದು ಮುಟ್ಟುತ್ತೀರಿ, ನಡೆದದ್ದನ್ನೇ ಮತ್ತೆ ನಡೆಯುವುದಿಲ್ಲ. ಮೊದಲ ಸಲದವರಿಗೆ ನಾನು ಹೇಳುವುದು ಫೀನಿಕ್ಸ್‌ಗೆ ತಾಗಿಕೊಂಡಿರುವ ಸ್ಕಾಟ್ಸ್‌ಡೇಲ್‌ನ ಮೆಕ್‌ಡವೆಲ್ ಸೊನೋರನ್ ಪ್ರಿಸರ್ವ್ ಅನ್ನುವ ರಕ್ಷಿತ ಪ್ರದೇಶದಲ್ಲಿರುವ ಗೇಟ್‌ವೇ ಲೂಪ್. ಸುಮಾರು 4.5 ಮೈಲಿ, ಅಂದರೆ ಏಳು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಏರು 200 ಮೀಟರ್ ಇದ್ದೀತು. ಎರಡು ಗುಡ್ಡದ ನಡುವಿನ ತಗ್ಗಿಗೆ ಹತ್ತಿ, ಆಚೆ ಇಳಿದು, ಬಳಸಿಕೊಂಡು ಬರುವುದು. ಟಿಕೆಟ್ ಇಲ್ಲ. ಸೂರ್ಯ ಹುಟ್ಟುವಾಗ ತೆರೆದು ಮುಳುಗುವಾಗ ಮುಚ್ಚುತ್ತಾರೆ. ಮೋಟಾರ್ ಗಾಡಿಗೆ ಪ್ರವೇಶವಿಲ್ಲ. ಆದರೆ ನಡೆಯುವವರು, ಗುಡ್ಡದ ಸೈಕಲ್‌ನವರು, ಕುದುರೆ ಸವಾರರು, ಮೂವರಿಗೂ ಒಂದೇ ದಾರಿ. ಅದೂ ಎಷ್ಟೋ ಕಡೆ ತೋಟದ ಕಾಲುಸಂಕದಷ್ಟೇ ಅಗಲ.

ಧೈರ್ಯ ಸಾಲದಿದ್ದರೆ ಅಲ್ಲೇ ಅರ್ಧ ಮೈಲಿಯ ಬಜಾಡಾ ನೇಚರ್ ಟ್ರೇಲ್ ಇದೆ. ಮೊದಲ ಶನಿವಾರ ಅದನ್ನು ಮುಗಿಸಿ ಮನೆಗೆ ಬಂದು ಚಾ ಕುಡಿದರೂ ಮರ್ಯಾದೆ ಹೋಗುವುದಿಲ್ಲ.

ಹೊರಡುವ ತಿಂಗಳು ಮೊದಲು, ಇಲ್ಲೇ

ಹೊಸ ಶೂ ತೆಗೆದುಕೊಂಡು ಸೀದಾ ವಿಮಾನ ಹತ್ತಬೇಡಿ. ಶಿರಸಿಯಲ್ಲೇ ಹಾಕಿ ಪಳಗಿಸಿ. ಬೆರಳಿನ ಮುಂದೆ ಅರ್ಧ ಇಂಚು ಜಾಗ ಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ವಾರಕ್ಕೆ ನಾಲ್ಕು ದಿನ ಒಂದು ಗಂಟೆ ಬೇಗ ಬೇಗ ನಡೆಯಿರಿ. ಕೋಟೆಕೆರೆ ಸುತ್ತಿದರೂ ಸಾಕು, ಆದರೆ ಅದು ಸಮತಟ್ಟು. ಭಾನುವಾರ ಉಂಚಳ್ಳಿ ಜಲಪಾತಕ್ಕೋ ಯಾಣಕ್ಕೋ ಹೋಗಿ, ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿಯಿರಿ. ಮಂಡಿ ಏನನ್ನುತ್ತದೆ ಅಂತ ಗೊತ್ತಾಗುವುದು ಇಳಿಯುವಾಗಲೇ. ಬಿ.ಪಿ., ಶುಗರ್ ಮಾತ್ರೆ ಇರುವವರು ಡಾಕ್ಟರನ್ನು ಒಂದು ಮಾತು ಕೇಳಿಕೊಳ್ಳಿ.

ಇನ್ನೊಂದು ಅಭ್ಯಾಸ ಕೇಳಿದರೆ ನಗು ಬಂದೀತು. ತೋಟದ ದಾರಿಯ ಬಲಬದಿಯಲ್ಲಿ ನಡೆಯುತ್ತಿರಿ. ಮೊಮ್ಮಗನಿಗೋ ಪಕ್ಕದ ಮನೆ ಹುಡುಗನಿಗೋ ಹಿಂದಿನಿಂದ ಸೈಕಲ್ ಹೊಡೆದುಕೊಂಡು ಬರಲು ಹೇಳಿ. ಗಂಟೆ ಬಾರಿಸಿದಾಗ ಹಾರಬಾರದು. ನಿಲ್ಲಬೇಕು, ತಿರುಗಿ ನೋಡಬೇಕು. ಹತ್ತು ಸಲ ಮಾಡಿ. ನಾನು ಇದನ್ನು ಎರಡನೇ ಸಲ ಹೋಗುವ ಮುಂಚೆ ಮಾಡಿದೆ, ಮನೆಯವಳು ಜಗುಲಿಯಲ್ಲಿ ನಿಂತು ನಗುತ್ತಿದ್ದಳು.

ಕಾಲ, ಹೊತ್ತು

ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಜನವರಿಯಲ್ಲಿ ಹಗಲು 20 ಡಿಗ್ರಿ ಆಸುಪಾಸು, ಬೆಳಿಗ್ಗೆ ಸ್ವೆಟರ್ ಬೇಕು. ಬೇಸಿಗೆಯ ಮಾತೇ ಬೇಡ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ದಾಟಿತ್ತು. ಸುಡುಬಿಸಿಲಿನ ಎಚ್ಚರಿಕೆ ಕೊಟ್ಟ ದಿನ ಕ್ಯಾಮೆಲ್‌ಬ್ಯಾಕ್ ಗುಡ್ಡದ ದಾರಿಯನ್ನು ನಗರಾಡಳಿತ ಬಿಸಿಲೇರಿದ ಮೇಲೆ ಸಂಜೆಯವರೆಗೆ ಮುಚ್ಚಿಬಿಡುತ್ತದೆ. ಮೇ ತಿಂಗಳಲ್ಲಿ ಮಗಳ ಮನೆ ಸೇರಿದವರು ಮಾಲ್ ಸುತ್ತಿಕೊಂಡಿರಿ, ಬೇಜಾರಿಲ್ಲ.

ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋಗಿ. ಕಾರು ನಿಲ್ಲಿಸಲು ಜಾಗ ಸಿಗುತ್ತದೆ, ಸೈಕಲ್ ಕಡಿಮೆ, ನೆರಳು ಉದ್ದ. ನಮ್ಮ ಕಾಲಿಗೆ ಮೂರು ಗಂಟೆ ಹಿಡಿಯಿರಿ.

ಜೋಳಿಗೆಯಲ್ಲಿ ಏನಿರಬೇಕು

ನೀರು, ಒಬ್ಬೊಬ್ಬರಿಗೆ ಎರಡು ಲೀಟರ್. ಚಳಿಗಾಲ ಅಂತ ಕಡಿಮೆ ಮಾಡಬೇಡಿ. ಇದು ನಮ್ಮವರಿಗೆ ಅರ್ಥವಾಗುವುದೇ ಇಲ್ಲ. ನಮ್ಮೂರಲ್ಲಿ ಹತ್ತು ಮೆಟ್ಟಿಲು ಹತ್ತಿದರೆ ಬೆನ್ನು ಒದ್ದೆಯಾಗುತ್ತದೆ, ಬೆವರು ಹೋಯಿತು ಅಂತ ಗೊತ್ತಾಗುತ್ತದೆ. ಅಲ್ಲಿ ಗಾಳಿ ಎಷ್ಟು ಒಣ ಅಂದರೆ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಬಂದಂತೆ ಆರಿಹೋಗುತ್ತದೆ. ಅಂಗಿ ಗರಿಗರಿ ಒಣಗಿರುತ್ತದೆ. ಬೆವರಲೇ ಇಲ್ಲವಲ್ಲ, ಬಾಯಾರಿಕೆ ಯಾಕೆ ಅಂದುಕೊಳ್ಳುತ್ತೀರಿ. ಸಂಜೆ ಅಂಗಿ ಬಿಚ್ಚಿದರೆ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ. ಹಾಗಾಗಿ ಬಾಯಾರಲಿ ಬಿಡಲಿ, ಕಾಲು ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಬೇಕು.

ಬರೀ ನೀರು ಸಾಲದು, ಉಪ್ಪೂ ಬೇಕು. ಅಲ್ಲಿಯವರು ಬಣ್ಣದ ಪುಡಿ ಕಲಸಿಕೊಳ್ಳುತ್ತಾರೆ. ನಾನು ಇಂಡಿಯನ್ ಅಂಗಡಿಯಲ್ಲಿ ಬೆಲ್ಲ ತಂದು, ಒಂದು ಬಾಟಲಿಗೆ ಬೆಲ್ಲ, ನಿಂಬೆ, ಚಿಟಿಕೆ ಉಪ್ಪು ಹಾಕಿ ಒಯ್ಯುತ್ತೇನೆ. ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಟ್ಟ ಹಿರಿಯರಿಗೆ ಬಿಸಿಲಲ್ಲಿ ನಡೆದು ಬಂದವನ ಮೈ ಏನು ಕೇಳುತ್ತದೆ ಅಂತ ಗೊತ್ತಿತ್ತು, ಅಲ್ವಾ? ಜತೆಗೆ ಹುರಿದ ಶೇಂಗಾ, ಒಗ್ಗರಣೆ ಅವಲಕ್ಕಿ.

ಅಗಲ ಅಂಚಿನ ಟೊಪ್ಪಿ, ತುಂಬುತೋಳಿನ ಹತ್ತಿ ಅಂಗಿ, ಉದ್ದ ಪ್ಯಾಂಟು. ಪೂರ್ತಿ ಚಾರ್ಜ್ ಇರುವ ಫೋನು. ಮತ್ತೆ ಒಂದು ಬಾಚಣಿಗೆ. ತಲೆ ಬೋಳಾದವರೂ ಒಯ್ಯಬೇಕು. ನಮ್ಮ ಕಾಡಿಗೆ ಹೋಗುವಾಗ ಉಂಬಳಕ್ಕೆ ಸುಣ್ಣದ ಡಬ್ಬಿ ಹೇಗೋ, ಅಲ್ಲಿ ಬಾಚಣಿಗೆ ಹಾಗೆ.

ದಾರಿಗೆ ಇಳಿದ ಮೇಲೆ

ಶುರುವಿನಲ್ಲೇ ಶೌಚಾಲಯ, ನೀರು ಇವೆ. ಮುಂದೆ ಏನೂ ಇಲ್ಲ. ಅಲ್ಲಿರುವ ನಕ್ಷೆಯ ಫೋಟೋ ತೆಗೆದುಕೊಳ್ಳಿ. ಕವಲು ಸಿಕ್ಕಲ್ಲೆಲ್ಲ ಫಲಕದ ಫೋಟೋ ತೆಗೆಯಿರಿ. ಕಾಲು ಉಳುಕಿ ಅಲ್ಲಿಯ ತುರ್ತು ನಂಬರ್ 911ಕ್ಕೆ ಫೋನ್ ಮಾಡುವ ಪರಿಸ್ಥಿತಿ ಬಂದರೆ, 'ಇಂಥ ಫಲಕ ದಾಟಿ ಹತ್ತು ನಿಮಿಷ' ಅಂತ ಹೇಳಬಹುದು.

ಯಾವ ಕಡೆಯಿಂದ ಸುತ್ತುವುದು? ಅಲ್ಲಿ ನಿಂತಿರುವ ಸೈಕಲ್‌ನವರನ್ನೇ ಕೇಳಿ. ಅವರು ಜಾಸ್ತಿ ಯಾವ ದಿಕ್ಕಿನಲ್ಲಿ ಹೋಗುತ್ತಾರೋ ಅದರ ಎದುರು ದಿಕ್ಕಿನಲ್ಲಿ ನೀವು ನಡೆಯಿರಿ. ಬೆನ್ನ ಹಿಂದೆ ಬರುವ ಸೈಕಲ್‌ಗಿಂತ ಎದುರಿಗೆ ಕಾಣುವ ಸೈಕಲ್ ವಾಸಿ. ಕಿವಿಗೆ ಇಯರ್‌ಫೋನ್ ಬೇಡ, ಭಜನೆ ಮನೆಯಲ್ಲಿ ಕೇಳೋಣ.

ಈಗ ನನ್ನ ಕಥೆ. ದೇವಿಮನೆ ಘಟ್ಟದಲ್ಲಿ ನಡೆದವರಿಗೆ ಗೊತ್ತು, ಹಿಂದೆ ಹಾರ್ನ್ ಆಯಿತೆಂದರೆ ಚರಂಡಿಗೆ ಹಾರುವುದು. ದೊಡ್ಡದು ಬಂದಾಗ ಸಣ್ಣದು ಸರಿಯಬೇಕು, ಇದು ನಮ್ಮ ಕಾನೂನು. ಆ ದಿನ ನಾನು ಊರಿನ ರೂಢಿಯಂತೆ ದಾರಿಯ ಎಡಬದಿಯಲ್ಲಿ ಹೋಗುತ್ತಿದ್ದೆ. ಹಿಂದಿನಿಂದ ಒಬ್ಬ, "ಆನ್ ಯುವರ್ ಲೆಫ್ಟ್!" ಅಂದ. ನನಗೆ ಕೇಳಿದ್ದು 'ಲೆಫ್ಟ್' ಒಂದೇ. ಎಡಕ್ಕೆ ಹೋಗು ಅಂತಿದ್ದಾನೆ ಅಂದುಕೊಂಡು ಇನ್ನೂ ಎಡಕ್ಕೆ ಸರಿದೆ. ಅವನು ಹೇಳಿದ್ದು, 'ನಿನ್ನ ಎಡಗಡೆಯಿಂದ ದಾಟುತ್ತೇನೆ' ಅಂತ! ಬ್ರೇಕ್ ಕಿರ್ರ್ ಅಂದಿತು, ಜಲ್ಲಿ ಚಿಮ್ಮಿತು, ನಾನು ಪೊದೆಗೆ ಹಾರಿದೆ. ಸೈಕಲ್ ನನಗೆ ತಾಗಲಿಲ್ಲ, ಕಳ್ಳಿ ತಾಗಿತು.

ಇಷ್ಟು ನೆನಪಿಟ್ಟುಕೊಳ್ಳಿ. ಅಲ್ಲಿ ಬಲಬದಿ ನಮ್ಮದು. 'ಆನ್ ಯುವರ್ ಲೆಫ್ಟ್' ಅಂದರೆ ನೀವು ಬಲಕ್ಕೆ ಅಂಟಿಕೊಳ್ಳಿ, ಸಾಧ್ಯವಾದರೆ ನಿಂತುಬಿಡಿ. ಕಾಲು ಮಾತ್ರ ದಾರಿಯ ಅಂಚು ದಾಟಬಾರದು. ಕಾನೂನು ನಮ್ಮ ಕಡೆಯೇ ಇದೆ. ದಾರಿಯ ಬದಿಯ ಹಳದಿ ತ್ರಿಕೋನದಲ್ಲಿ ಚಿತ್ರ ಹಾಕಿರುತ್ತಾರೆ: ಸೈಕಲ್‌ನವನು ನಡೆಯುವವನಿಗೆ ದಾರಿ ಬಿಡಬೇಕು, ಇಬ್ಬರೂ ಕುದುರೆಗೆ ಬಿಡಬೇಕು. ಇಳಿಯುವವನು ಏರುವವನಿಗೆ ಬಿಡಬೇಕು.

ಕಾನೂನು ಹಾಗಿದ್ದರೂ, ಏದುಸಿರು ಬಿಡುತ್ತ ಸೈಕಲ್ ತುಳಿದು ಏರು ಹತ್ತುವವನಿಗೆ ಮಾತ್ರ ನಾನೇ ನಿಂತು ದಾರಿ ಕೊಡುತ್ತೇನೆ. ಒಮ್ಮೆ ಕಾಲು ಕೆಳಗಿಟ್ಟರೆ ಆ ಜಲ್ಲಿಯಲ್ಲಿ ಅವನು ಮತ್ತೆ ಹತ್ತುವುದು ಕಷ್ಟ. ದಾಟುವಾಗ, "ಟೂ ಮೋರ್" ಅಂತ ಕೂಗುತ್ತಾನೆ. ಹಿಂದೆ ಇನ್ನಿಬ್ಬರು ಇದ್ದಾರೆ ಅಂತ. ಎಣಿಸಿಕೊಂಡು ಆಮೇಲೆ ಹೆಜ್ಜೆ ಇಡಿ. ಗುಂಪಲ್ಲಿ ಹೋದವರು ಮದುವೆ ದಿಬ್ಬಣದ ಹಾಗೆ ಹರಡಿಕೊಳ್ಳದೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಎಲ್ಲರೂ ಒಂದೇ ಬದಿಗೆ ನಿಲ್ಲಿ. ಗಂಡ ಆಚೆ ಹೆಂಡತಿ ಈಚೆ ನಿಂತರೆ ಸೈಕಲ್‌ನವನಿಗೆ ಗಾಬರಿ.

ಕುದುರೆ ಬಂದರೆ ಇಳಿಜಾರಿನ ಬದಿಗೆ, ಕೆಳಗೆ ನೋಡಿಕೊಂಡು, ನಿಧಾನ ಸರಿದು ನಿಲ್ಲಿ. ಸುಮ್ನೆ ನಿಲ್ಲಬೇಡಿ, ಮೆತ್ತಗೆ ಒಂದು ಮಾತಾಡಿ. ಟೊಪ್ಪಿ, ಚೀಲ ಹೊತ್ತ ಆಕಾರ ಮನುಷ್ಯನದೇ ಅಂತ ಅದಕ್ಕೆ ಗೊತ್ತಾಗಬೇಕು. ನಾನು ಕನ್ನಡದಲ್ಲೇ ಮಾತಾಡಿಸಿದೆ, ತೊಂದರೆಯಾಗಲಿಲ್ಲ.

ಮುಳ್ಳು ತಾಗಿದರೆ

ಅದರ ಹೆಸರು ಚೋಯಾ. ಟೆಡ್ಡಿ ಬೇರ್ ಚೋಯಾ ಅಂತ ಒಂದು ಜಾತಿಯಂತೂ ಬೆಳಗಿನ ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತ, ಹತ್ತಿಯ ಗೊಂಬೆ ಥರ ಕಾಣುತ್ತದೆ. ಮುಟ್ಟಿದರೆ ಮುಗಿಯಿತು. ಗೆಣ್ಣುಗೆಣ್ಣಾಗಿ ಕಳಚಿಕೊಂಡು ಮೈಗೆ ಅಂಟುತ್ತದೆ. ಮುಳ್ಳಿನ ತುದಿಯಲ್ಲಿ ಕಣ್ಣಿಗೆ ಕಾಣದ ಹಿಂಮುಖದ ಕೊಕ್ಕೆಗಳಿವೆ, ಗಾಳದ ಹಾಗೆ. ಒಳಗೆ ಹೋಗುವುದು ಸಲೀಸು, ಹೊರಗೆ ಬರುವಾಗ ಚರ್ಮವನ್ನೇ ಎಳೆಯುತ್ತದೆ. ಕೈಯಲ್ಲಿ ಕೀಳಲು ಹೋದರೆ ಕೈಗೇ ಅಂಟುತ್ತದೆ. ನಾನು ಅದನ್ನೂ ಮಾಡಿ ನೋಡಿದ್ದೇನೆ.

ಬಾಚಣಿಗೆಯ ಹಲ್ಲನ್ನು ಚರ್ಮಕ್ಕೂ ಉಂಡೆಗೂ ನಡುವೆ ತೂರಿಸಿ. ಎದುರಿಗೆ ಯಾರೂ ಇಲ್ಲ ಅಂತ ನೋಡಿಕೊಂಡು ಒಂದೇ ಏಟಿಗೆ ಹೊರಕ್ಕೆ ಚಿಮ್ಮಿಸಿ. ನನ್ನದು ಹಾರಿ ಹತ್ತು ಅಡಿ ದೂರ ಬಿತ್ತು. ಉಳಿದ ಬಿಡಿ ಮುಳ್ಳನ್ನು ಮನೆಯಲ್ಲಿ ಚಿಮಟದಿಂದ ತೆಗೆದರಾಯಿತು.

ಆ ಊರಿನ ಗಿಡಗಳೆಲ್ಲ ಹೀಗೇ ಅಂದುಕೊಳ್ಳಬೇಡಿ. ಸಗ್ವಾರೋ ಅನ್ನುವ ದೊಡ್ಡ ಕಂಬದ ಕಳ್ಳಿಯನ್ನು ನಿಂತು ನೋಡಬೇಕು. ಪಕ್ಕಕ್ಕೆ ಒಂದು ಕೈ ಮೂಡಲು ಅದಕ್ಕೆ ಐವತ್ತು ವರ್ಷಕ್ಕೂ ಜಾಸ್ತಿ ಬೇಕು. ಎರಡು ಕೈ ಇರುವುದನ್ನು ಕಂಡರೆ, ನಿಮಗಿಂತ ಹಿರಿಯ ಅಂತ ನಮಸ್ಕಾರ ಹಾಕಬಹುದು.

ಹಾವು? ಇದೆ. ರ್‍ಯಾಟಲ್ ಸ್ನೇಕ್ ಚಳಿಯಲ್ಲಿ ಹೊರಗೆ ಕಾಣುವುದು ಕಡಿಮೆ, ಮಾರ್ಚ್ ಕಳೆದರೆ ಜಾಸ್ತಿ. ಒಣಗಿದ ಕಾಯಿಯೊಳಗೆ ಬೀಜ ಅಲ್ಲಾಡಿಸಿದ ಸದ್ದು ಕೇಳಿದರೆ ನಿಂತು, ಎಲ್ಲಿದೆ ನೋಡಿ, ಹಿಂದೆ ಸರಿಯಿರಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಕಾಳಿಂಗ ಇರುವ ಕಾಡಿನವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಅರ್ಧ ದಾರಿಯ ಲೆಕ್ಕ, ಆಮೇಲೆ ಇಳಿಜಾರು

ಮೇಲಿನ ತಗ್ಗಿಗೆ ಮುಟ್ಟಿದಾಗ ಕೂತು ಬಾಟಲಿ ಎತ್ತಿ ನೋಡಿ. ಅರ್ಧ ನೀರು ಖಾಲಿಯಾಗಿ, ನಡೆದದ್ದು ಅರ್ಧಕ್ಕಿಂತ ಕಡಿಮೆ ಇದ್ದರೆ ಬಂದ ದಾರಿಯಲ್ಲೇ ವಾಪಸ್ಸು ಬನ್ನಿ. ಸುತ್ತುದಾರಿಯಲ್ಲಿ 'ಇಷ್ಟು ಬಂದಾಯಿತಲ್ಲ, ಪೂರ್ತಿ ಮಾಡೋಣ' ಅನ್ನುವ ಆಸೆ ಕಾಡುತ್ತದೆ. ಬಂದ ದಾರಿ ಎಷ್ಟಿದೆ ಅಂತ ಕಾಲಿಗೆ ಗೊತ್ತು, ಮುಂದಿನದು ಗೊತ್ತಿಲ್ಲ. ತಲೆ ಸುತ್ತು, ವಾಕರಿಕೆ, ತಲೆನೋವು ಯಾರಿಗಾದರೂ ಬಂದರೆ ನೆರಳು ಹುಡುಕಿ ಕೂರಿಸಿ. ಅಲ್ಲಿ ನೆರಳು ಅಂದರೆ ಬಂಡೆಯದು, ಇಲ್ಲವೇ ಹಸಿರು ಕಾಂಡದ ಪಾಲೋ ವರ್ಡೆ ಮರದ್ದು. ಅದರ ನೆರಳೂ ಜರಡಿ ಹಿಡಿದ ಹಾಗೆ.

ಇಳಿಯುವಾಗ ಗಟ್ಟಿ ನೆಲದ ಮೇಲೆ ಹರಳಿನಂಥ ಜಲ್ಲಿ ಹರಡಿರುತ್ತದೆ. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಶೂ ಹಾಕಿ ನಡೆದಿದ್ದೀರಾ? ಅದೇ ಅನುಭವ. ಮಂಡಿ ಸ್ವಲ್ಪ ಬಗ್ಗಿಸಿ, ಹೆಜ್ಜೆ ಸಣ್ಣದು ಮಾಡಿ, ಪಾದ ಪೂರ್ತಿ ಊರಿ. ಹಿಂದಕ್ಕೆ ವಾಲಿದರೆ ಕುಂಡೆ ಊರುತ್ತೀರಿ. ತಿರುವಿನಲ್ಲಿ ನಿಂತು ಫೋಟೋ ತೆಗೆಯಬೇಡಿ, ಸೈಕಲ್‌ನವನಿಗೆ ನೀವು ಕಾಣುವುದೇ ಕೊನೆ ಗಳಿಗೆಯಲ್ಲಿ. ಮಳೆ ಬಂದು ದಾರಿ ಕೆಸರಾಗಿದ್ದರೆ ಆ ದಿನ ಹೋಗುವುದೇ ಬೇಡ. ಒಣಗಿದ ಮೇಲೆ ಆ ಹೆಜ್ಜೆಗುಳಿ ಕಲ್ಲಿನಂತೆ ಗಟ್ಟಿಯಾಗಿ, ಸೈಕಲ್‌ನವರನ್ನೂ ನಡೆಯುವವರನ್ನೂ ತಿಂಗಳುಗಟ್ಟಲೆ ಎಡವಿಸುತ್ತದೆ.

ಕಾರಿನ ಹತ್ತಿರ ಬಂದ ಮೇಲೆ

ಕಾರಿನಲ್ಲಿ ಒಂದು ಬಾಟಲಿ ನೀರು ಬಿಟ್ಟೇ ಹೋಗಿರಬೇಕು. ಅದನ್ನು ಕುಡಿಯಿರಿ. ಕಾರು ಹತ್ತುವ ಮೊದಲು ಶೂ ಬಿಚ್ಚಿ ಅಡಿಭಾಗ ನೋಡಿ, ಮುಳ್ಳಿದ್ದರೆ ಬಾಚಣಿಗೆಯಿಂದ ಕೆರೆಯಿರಿ. ಕಾಲುಚೀಲವನ್ನು ಒಳಮೈ ಹೊರಗೆ ಮಾಡಿ ಕೊಡವಿ. ನಾನು ಕೊಡವಿರಲಿಲ್ಲ. ಒಂದು ಮುಳ್ಳು ಫೀನಿಕ್ಸ್‌ನಿಂದ ಶಿರಸಿಯವರೆಗೆ ಟಿಕೆಟ್ ಇಲ್ಲದೆ ಬಂದು, ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವಾಗ ಮನೆಯವಳ ಹೆಬ್ಬೆರಳಿಗೆ ಸಿಕ್ಕಿತು. ಬಾಚಣಿಗೆ ಎಲ್ಲಿಟ್ಟಿದ್ದೀರಿ ಅಂತ ಅಲ್ಲಿಂದಲೇ ಕೂಗಿದಳು.